ಐದು ಡಬ್ಬಿ ಮಣ್ಣು

"ನಿಮ್ಮ ಅಂಗಳಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತೈತ್ರಿ?" ಎಂದು ಚನ್ನೇಶ್ ಎರಡನೆಯ ಸಲ ಕೇಳಿದ.

ಸಣ್ಣಬೀರಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಶಿರಾಳಕೊಪ್ಪದ ಆ ಬಾಡಿಗೆ ಮನೆಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ದಿನವೂ ಅಂಚೆ ಹಂಚಿ ಬಂದು ಅದೇ ಸಿಮೆಂಟಿನ ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿದ್ದ, ಕಾಲು ತೊಳೆದಿದ್ದ, ಒಳಗೆ ಹೋಗಿ ದೇವರ ಮುಂದೆ ಕುಳಿತಿದ್ದ. ಬಿಸಿಲಿನ ಲೆಕ್ಕ ಇಟ್ಟವಳು ಅಕ್ಕ.

"ಬೆಳಿಗ್ಗೆ ಬೀಳುತ್ತೆ" ಎಂದ ಕೊನೆಗೆ.

"ಬೆಳಿಗ್ಗೆ ಎಲ್ಲಾರ ಮನಿಗೂ ಬೀಳ್ತೈತಿ ಬೀರಪ್ಪಾರೆ" ಎಂದು ಚನ್ನೇಶ್ ನಕ್ಕ. ಬಸ್‌ಸ್ಟ್ಯಾಂಡಿನ ಹಿಂದೆ ಹಸಿರು ಬಲೆಯ ಚಪ್ಪರ ಹಾಕಿ ಸಸಿ ಮಾರುವವನು ಅವನು. ಟೊಮೆಟೊ ಸಸಿಯ ಮೂರು ಟ್ರೇ ತಂದು ಎದುರಿನ ಬೆಂಚಿನ ಮೇಲಿಟ್ಟ. "ಇದು ಬಳ್ಳಿ ಜಾತಿ. ಆಳೆತ್ತರ ಏರ್ತೈತಿ. ಕೋಲು ನೆಟ್ಟು ದಾರ ಕಟ್ಬೇಕು, ಎಲಿ ಕಂಕುಳಾಗಿನ ಚಿಗುರು ವಾರವಾರ ಚಿವುಟಬೇಕು. ಡಬ್ಬಿಗೆ ಬ್ಯಾಡ. ಇದು ಗಿಡ್ಡ ಜಾತಿ. ಮೊಣಕಾಲ ಮಟ್ಟ ನಿಂತು ಒಂದೇ ಸಲಕ್ಕೆ ಹಣ್ಣು ಬಿಟ್ಟು ಮುಗಿಸ್ತೈತಿ. ಇದು ಗೋಲಿಯಂಥದ್ದು, ನೋಡಾಕೆ ಚಂದ, ಸಾರಿಗೆ ಬರಾಕಿಲ್ಲ. ನಿಮ್ಮ ಡಬ್ಬಿ ಎಷ್ಟು ದೊಡ್ಡವು?"

"ಪೇಂಟ್ ಡಬ್ಬಿ. ಇಪ್ಪತ್ತು ಲೀಟರಿನವು. ಐದು ಅದಾವೆ."

ಆ ಐದು ಡಬ್ಬಿಗಳ ಸಲುವಾಗಿಯೇ ಅವನು ಬಂದದ್ದು. ಅಕ್ಕ ಈಶ್ವರಮ್ಮ ಆಷಾಢದ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದಿರಲಿಲ್ಲ. ಅವಳ ಗಿಡಗಳು ಮಳೆಗೆ ಕೊಳೆತು ಬಿದ್ದವು. ಈಗ ಕಾರ್ತಿಕ. ಗೋಡೆಯ ಬುಡದಲ್ಲಿ ಸಾಲಾಗಿ ನಿಂತ ಡಬ್ಬಿಗಳಲ್ಲಿ ಒಣಗಿದ ಮಣ್ಣು, ಒಂದೊಂದರಲ್ಲಿ ಒಂದೊಂದು ಕೋಲು. ಬಾಗಿಲು ತೆಗೆದರೆ ಮೊದಲು ಕಾಣುವುದು ಅವೇ. ಪಕ್ಕದ ಮನೆಯವರು, "ಖಾಲಿ ಅದಾವಲ್ಲ, ನೀರು ತುಂಬಾಕೆ ಕೊಡ್ತೀರಾ?" ಎಂದು ಕೇಳಿದ ದಿನ ಅವನಿಗೆ ಏನೋ ಆಯಿತು. ಕೊಡಲಿಲ್ಲ. ಏನಾದರೂ ನೆಡಬೇಕು, ಅದೂ ಅಕ್ಕ ನೆಡುತ್ತಿದ್ದದ್ದೇ ಆಗಬೇಕು ಎಂದುಕೊಂಡ.

"ಅಕ್ಕ ಹಾಕ್ತಿದ್ಲಲ್ಲ, ಅದು ಇದರಾಗೆ ಯಾವುದು? ಅದನ್ನೇ ಕೊಡು" ಎಂದ.

ಚನ್ನೇಶ್ ಕೈಲಿದ್ದ ಟ್ರೇ ಕೆಳಗಿಟ್ಟ. "ಅಯ್ಯೋ, ಅಕ್ಕಾರು ನನ್ನತ್ರ ಒಂದು ಸಸಿನೂ ತಗಂಡೋರಲ್ಲ. ಬರೋರು, ಎಲ್ಲಾ ಮುಟ್ಟಿ ನೋಡೋರು. ‘ನಿನ್ನ ಟಮಾಟಿಗೆ ಹುಳಿನೇ ಇಲ್ಲಲೋ, ನೀರು ಕುಡಿದಂಗೆ’ ಅಂತ ಬೈಯೋರು, ಒಂದು ಚೀಲ ಗೊಬ್ಬರ ತಗಂಡು ಹೋಗೋರು. ಬೀಜ ಅವರದೇ ಇತ್ತು. ಬೂದಿಗೆ ತಿಕ್ಕಿ, ಬಟ್ಟಿಯಾಗೆ ಗಂಟು ಕಟ್ಟಿ ಇಡ್ತಿದ್ರಂತೆ. ‘ಇಲಿ ಕಾಟ, ಅದಕ್ಕೇ ನಮ್ಮ ತಮ್ಮನ ದೇವ್ರ ಕೈಯಾಗೆ ಕೊಟ್ಟೀನಿ’ ಅಂತ ನಗೋರು. ಮನಿಯಾಗೇ ಇರ್ಬೇಕು, ನೋಡ್ರಿ."

ಸಣ್ಣಬೀರಪ್ಪನ ಕೈ ತಾನಾಗಿ ಹಣೆಗೆ ಹೋಯಿತು. ಅಲ್ಲಿ ಬೆಳಿಗ್ಗೆ ಎಳೆದುಕೊಂಡ ಮೂರು ಪಟ್ಟೆ ವಿಭೂತಿಯಿತ್ತು.

"ಸಸಿ ಕಟ್ಲೇನ್ರಿ?" ಎಂದು ಚನ್ನೇಶ್ ಕೇಳಿದ. ಸಣ್ಣಬೀರಪ್ಪ ಆಗಲೇ ರಸ್ತೆಗಿಳಿದಿದ್ದ.

ಅಕ್ಕನ ದಿನಕರ್ಮ ಮುಗಿದ ಮರುದಿನ ದೇವರ ಗೂಡು ತೊಳೆಯುವಾಗ, ಬೀರಲಿಂಗನ ಪಟದ ಹಿಂದೆ, ಅಂಗೈಯಗಲದ ಒಂದು ಬಟ್ಟೆಯ ಗಂಟು ಸಿಕ್ಕಿತ್ತು. ಬಿಚ್ಚಿದರೆ ಬೂದಿ. ಪೂಜೆಯ ಕಡೆ ಅಷ್ಟಾಗಿ ಸುಳಿಯದ ಅಕ್ಕ ತನಗಾಗಿ ಯಾವುದೋ ಮಠದಿಂದ ವಿಭೂತಿ ತಂದಿಟ್ಟು ಹೇಳುವುದನ್ನು ಮರೆತಳಲ್ಲ ಎಂದು ಅವನ ಕಣ್ಣು ತುಂಬಿತ್ತು. ಬೂದಿಯಲ್ಲಿ ಹರಳು ಹರಳಾಗಿ ಏನೋ ಕೈಗೆ ಹತ್ತುತ್ತಿತ್ತು. ಕಣ್ಣಿಗೆ ಪೊರೆ ಬಂದವನಿಗೆ ಅದು ಕಲ್ಲುಮಣ್ಣಿನಂತೆಯೇ ಕಂಡಿತು. ಪಂಚೆಯ ಸೆರಗಿನಲ್ಲಿ ಸೋಸಿ, ನುಣ್ಣಗಿನದನ್ನು ಬಟ್ಟಲಿಗೆ ತುಂಬಿಕೊಂಡ. ಉಳಿದ ಹರಳನ್ನೂ ಕಾಲು ತುಳಿಯುವ ಕಡೆ ಚೆಲ್ಲಲು ಮನಸ್ಸು ಬರಲಿಲ್ಲ. ಪಿಂಚಣಿಯ ಕಾಗದಕ್ಕೆಂದು ಶಿಕಾರಿಪುರಕ್ಕೆ ಹೋದಾಗ ಪೊಟ್ಟಣ ಕಟ್ಟಿಕೊಂಡು ಹೋಗಿ, ಸೇತುವೆಯ ಮೇಲೆ ನಿಂತು ಕುಮುದ್ವತಿಗೆ ಬಿಟ್ಟಿದ್ದ. ಆಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಿಟ್ಟು ಕೈ ಮುಗಿದಿದ್ದ.

ಮನೆಗೆ ಬಂದವನು ಕನ್ನಡಕ ಹಾಕಿಕೊಂಡು ಬಟ್ಟಲಿನ ಬೂದಿಯನ್ನು ತಟ್ಟೆಗೆ ಸುರಿದು ಬೆರಳಿನಿಂದ ಹರಡಿ ಹರಡಿ ನೋಡಿದ. ಆ ಗಂಟಿನ ಬಟ್ಟೆಯನ್ನು ಒದರಿ ನೋಡಿದ. ಪಟದ ಹಿಂದೆ ಗೋಡೆಯ ಸಂದಿಯಲ್ಲಿ ಕಡ್ಡಿ ಹಾಕಿ ಕೆದಕಿದ. ಒಂದು ಬೀಜವೂ ಸಿಗಲಿಲ್ಲ. ನಾಲ್ಕು ತಿಂಗಳು ದಿನಕ್ಕೆರಡು ಸಲ ಹಣೆಗೆ ಧರಿಸಿದ ಬೂದಿ ಒಲೆಯ ಬೂದಿ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಹೊಳೆಗೆ ಹೋದದ್ದೇ ಎದೆಯಲ್ಲಿ ಸಿಕ್ಕಿಕೊಂಡಿತ್ತು.

ಬೀಜ ಇನ್ನೊಂದು ಕಡೆ ಇರಬಹುದಾದರೆ ಅದು ಅಕ್ಕನ ಗಂಡನ ಮನೆ. ಆನವಟ್ಟಿಯಿಂದ ಒಳಗೆ ಎರಡು ಮೈಲಿ. ಬಿಟ್ಟು ಬರುವಾಗ ಅಲ್ಲಿಂದಲೇ ಅಕ್ಕ ಬೀಜ ತಂದಿರಬೇಕೆಂದು ಅವನು ತಿಳಿದಿದ್ದ. ಆದರೆ ಆ ಮನೆಗೆ ಅವನು ಹೋಗುವ ಹಾಗಿರಲಿಲ್ಲ. ಭಾವ ಕುರಿ ಹೊಡೆದುಕೊಂಡು ಕ್ಯಾಸನೂರು ಕಾಡಿನ ಕಡೆ ಹೋಗಿ ಮಂಗನ ಕಾಯಿಲೆ ಹತ್ತಿಸಿಕೊಂಡು ಬಂದು ಒಂಬತ್ತನೆಯ ದಿನ ಹೋಗಿಬಿಟ್ಟಾಗ, ಆ ಮನೆಯ ಹಿರಿಯರು ಅಕ್ಕನ ಕಾಲ್ಗುಣವನ್ನು ಆಡಿಕೊಂಡರು. ಕರೆದುಕೊಂಡು ಬರಲು ಹೋದ ಸಣ್ಣಬೀರಪ್ಪ ಹೊಸ್ತಿಲ ಮೇಲೆ ನಿಂತು, "ಬೀರಲಿಂಗನಾಣೆ, ನಾನಾಗಲಿ ನಮ್ಮಕ್ಕನಾಗಲಿ ಇನ್ನು ಈ ಹೊಸ್ತಿಲು ತುಳಿಯಲ್ಲ" ಎಂದು ಕೂಗಿ ಹೇಳಿ ಬಂದಿದ್ದ. ಅಂದು ಅವನಿಗೆ ಮೂವತ್ತಾರು. ಆಮೇಲೆ ಅವನ ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ನಿಂತಿತು. ಅಕ್ಕ ತಮ್ಮ ಇಬ್ಬರೇ ಉಳಿದರು.

ಆ ಹಿರಿಯರಲ್ಲಿ ಈಗ ಯಾರೂ ಬದುಕಿರಲಿಲ್ಲ. ಆಣೆ ಮಾತ್ರ ಇತ್ತು. ಎರಡು ದಿನ ಅವನು ದೇವರ ಮುಂದೆ ಸುಮ್ಮನೆ ಕುಳಿತ. ಮೂರನೆಯ ದಿನ ಸ್ನಾನ ಮಾಡಿ, ಹಣೆಗೆ ಏನೂ ಇಟ್ಟುಕೊಳ್ಳದೆ, ಆನವಟ್ಟಿ ಬಸ್ಸು ಹತ್ತಿದ.

ಮನೆ ಬದಲಾಗಿರಲಿಲ್ಲ. ಹೆಂಚಿನ ಮಾಡು, ಎಡಕ್ಕೆ ಕುರಿದೊಡ್ಡಿ. ಕಟ್ಟೆಯ ಮೇಲೆ ಕುಳಿತು ಒಬ್ಬ ಹೆಂಗಸು ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅಕ್ಕನ ಮೈದುನನ ಹೆಂಡತಿ ಮಾಳಮ್ಮ. ಅಕ್ಕ ಆ ಮನೆ ಬಿಡುವಾಗ ಹೊಸ ಮದುಮಗಳಾಗಿದ್ದವಳು.

ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು. ಆದರೂ ಮರಿಯ ಬಾಯಿಂದ ಬಾಟಲಿ ತೆಗೆಯಲಿಲ್ಲ.

"ಪೋಸ್ಟಿನ ಅಣ್ಣ" ಎಂದಳು. "ಐದು ತಿಂಗಳಾತು. ಈಗ ಬಂದ್ಯಾ?"

"ಹೂಂ."

"ನಮಗೆ ಯಾರು ಹೇಳಿದ್ರು ಗೊತ್ತಾ? ಸಂತೆಯಾಗೆ ಉಣ್ಣೆ ಕೊಳ್ಳಾಕೆ ಬಂದೋನು. ಅಕ್ಕ ಹೋಗಿ ತಿಂಗಳಾಗಿತ್ತು. ಮಣ್ಣಿಗೆ ಬರಾಕೂ ಆಗ್ಲಿಲ್ಲ ನನಗೆ. ಊರಿನೋರ ಸಾವಿನ ಕಾಗದ ಎಲ್ಲಾ ಮನೆಮನೆಗೆ ಮುಟ್ಟಿಸ್ದೋನು ನೀನು. ಇದೊಂದು ಮುಟ್ಟಿಸಾಕೆ ಆಗ್ಲಿಲ್ವಾ?"

ಸಣ್ಣಬೀರಪ್ಪ ಅಂಗಳದಲ್ಲಿ ನಿಂತೇ ಇದ್ದ. ಮಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಮರಿಯನ್ನು ಕೆಳಗೆ ಬಿಟ್ಟು, ಒಳಗೆ ಹೋಗಿ ಒಂದು ಚೊಂಬು ನೀರು ತಂದಳು.

"ಒಳಗೆ ಬಾ ಅಂದ್ರೆ ಬರಾಕಿಲ್ಲ ನೀನು. ಆಣೆ ಇನ್ನೂ ಕಾಯ್ತಾ ಐತೆ. ತಗಾ, ನೀರಿಗೆ ಆಣೆ ಇಲ್ವಲ್ಲ?"

ಅವನು ನೀರು ಕುಡಿದ. ಪೂರ್ತಿ ಚೊಂಬು ಕುಡಿದ.

"ಹಣೆ ಬರಿದಾಗೈತೆ" ಎಂದಳು ಮಾಳಮ್ಮ, ಅವನ ಮುಖವನ್ನೇ ನೋಡುತ್ತ. "ನನ್ನ ತಮ್ಮ ಬೂದಿ ಇಲ್ದೆ ಬಾಗ್ಲು ದಾಟಲ್ಲ ಅಂತಿದ್ಲು ಅಕ್ಕ."

"ಯಾವಾಗ ಅಂದ್ಲು?"

"ಯಾವಾಗೇನು, ವರ್ಷವರ್ಷ. ಬಂದಾಗೆಲ್ಲ."

ಸಣ್ಣಬೀರಪ್ಪ ಕಟ್ಟೆಯ ಅಂಚಿಗೆ ಕುಳಿತ. ಮಾಳಮ್ಮನಿಗೆ ತಾನು ಆಡಿದ್ದು ಅವನಿಗೆ ಹೊಸದೆಂದು ಆಗ ತಿಳಿಯಿತು. ಇನ್ನು ಮುಚ್ಚಿಟ್ಟು ಯಾರಿಗೆ ಏನಾಗಬೇಕು ಎನ್ನುವ ಹಾಗೆ ಅವಳೂ ಪಕ್ಕದಲ್ಲಿ ಕುಳಿತು ಹೇಳಿದಳು. ದೀಪಾವಳಿ ಮುಗಿದ ವಾರ ಅಕ್ಕ ಹತ್ತು ಗಂಟೆಯ ಬಸ್ಸಿಗೆ ಬರುತ್ತಿದ್ದಳು. ಇಬ್ಬರೂ ಹಿತ್ತಲಲ್ಲಿ ಕುಳಿತು ಬೀಜ ಹಂಚಿಕೊಳ್ಳುತ್ತಿದ್ದರು. ಒಂದು ವರ್ಷ ಇಲ್ಲಿ ರೋಗ ಬಿದ್ದರೆ ಅಲ್ಲಿಯ ಬೀಜ, ಅಲ್ಲಿ ಕೆಟ್ಟರೆ ಇಲ್ಲಿಯ ಬೀಜ. ಮೂರು ಗಂಟೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು.

"ಅವಳು ಶಿಕಾರಿಪುರಕ್ಕೆ ಹೋಗ್ತಿದ್ಲು" ಎಂದ ಸಣ್ಣಬೀರಪ್ಪ. "ಹುಚ್ಚರಾಯಸ್ವಾಮಿ ದರ್ಶನಕ್ಕೆ. ಪ್ರಸಾದ ತರ್ತಿದ್ಲು. ಹೂವು, ಬಾಳೆಹಣ್ಣು."

"ನಮ್ಮ ಹಿತ್ತಲ ಬಾಳೆ ಅದು" ಎಂದಳು ಮಾಳಮ್ಮ ಮೆಲ್ಲಗೆ. "ಹೂವೂ ನಮ್ಮದೇ. ‘ಅವನ ಆಣೆ ಅವನು ಕಾಯಲಿ, ಸುಳ್ಳಿನ ಪಾಪ ನಂಗಿರ್ಲಿ’ ಅಂತಿದ್ಲು. ದೇವ್ರಿಗೆ ಕೈ ಮುಗಿದೇ ಹೇಳ್ತಿದ್ಲು ಮತ್ತೆ."

ಆ ಬಾಳೆಹಣ್ಣನ್ನು ಪ್ರತಿ ವರ್ಷವೂ ಅವನು ಕಣ್ಣಿಗೊತ್ತಿಕೊಂಡು ತಿಂದಿದ್ದ. ಸಿಪ್ಪೆಯನ್ನು ಹಸುವಿಗೆ ಕೊಟ್ಟು ಬಂದಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗ ಅವಳ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಒಂದೇ ಸೂರಿನ ಕೆಳಗೆ ಮೂವತ್ತೊಂದು ವರ್ಷ ಉಂಡು ಮಲಗಿದವಳಿಗೆ ಹೋಗಿ ಬರುವ ಇನ್ನೊಂದು ಮನೆಯಿತ್ತು, ನಗುವ ಇನ್ನೊಂದು ಹಿತ್ತಲಿತ್ತು. ಅವನಿಗೆ ಇದ್ದದ್ದು ಅವಳೊಬ್ಬಳೇ.

"ನಂಗೆ ಆ ಬೀಜ ಬೇಕಿತ್ತು" ಎಂದ. "ಅದಕ್ಕೇ ಬಂದೆ."

ಮಾಳಮ್ಮ ಅವನ ಕಡೆ ತಿರುಗಿದಳು. "ನೀನು ಬರೋದು ನೋಡಿ, ಬೀಜ ತಂದೀಯ ಅನ್ಕಂಡೆ ನಾನು."

ಕುರಿಮರಿ ಬಂದು ಅವನ ಪಂಚೆಯನ್ನು ಚೀಪತೊಡಗಿತು.

"ನಮ್ಮದು ಹೋದ ವರ್ಷ ಎಲೆ ಸುರುಟಿ ಒಂದು ಹಣ್ಣೂ ಬಿಡ್ಲಿಲ್ಲ" ಎಂದಳು. "ಈ ಸಲ ನಿನ್ನದ್ರಾಗೇ ಅರ್ಧ ಕೊಡಬೇಕು ಅಂದಿದ್ದೆ ಅಕ್ಕನಿಗೆ. ‘ಗಂಟು ಕಟ್ಟಿ ಇಡ್ತೀನಿ’ ಅಂದಿದ್ಲು. ಬಾ ಇಲ್ಲಿ, ತೋರಿಸ್ತೀನಿ."

ಹಿತ್ತಲಿಗೆ ದಾರಿ ಮನೆಯೊಳಗಿನಿಂದ. ಸಣ್ಣಬೀರಪ್ಪ ಹೊಸ್ತಿಲ ಮುಂದೆ ನಿಂತುಬಿಟ್ಟ. ಮಾಳಮ್ಮ ಹಣೆ ಚಚ್ಚಿಕೊಂಡಳು. "ಸರಿ, ನಿನ್ನ ಬೀರಲಿಂಗ ದೊಡ್ಡಿ ತುಳೀಬ್ಯಾಡ ಅಂದಿಲ್ವಲ್ಲ. ಹಂಗೆ ಸುತ್ತಿ ಬಾ." ಅವನು ಕುರಿದೊಡ್ಡಿಯ ಗೂಟ ಸರಿಸಿ, ಹಿಕ್ಕೆಯಲ್ಲಿ ಕಾಲಿಟ್ಟು, ಮುಳ್ಳುಬೇಲಿಯ ಸಂದಿಯಲ್ಲಿ ಪಂಚೆ ಸಿಕ್ಕಿಸಿಕೊಂಡು ಬಿಡಿಸಿಕೊಂಡು ಹಿತ್ತಲಿಗೆ ಬಂದ. ಮಾಳಮ್ಮ ಆಗಲೇ ಅಲ್ಲಿ ನಿಂತಿದ್ದಳು.

ತೋರಿಸುವುದಕ್ಕೆ ಏನಿತ್ತು? ಬಚ್ಚಲ ನೀರು ಹರಿಯುವ ಕಡೆ ಒಂದು ಚೌಕ ಮಣ್ಣು. ಅದೂ ಖಾಲಿ.

"ಗಂಟು ಏನಾತು ಅಣ್ಣ? ಇಲಿ ತಿಂತಾ?"

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಇಲಿ ಎಂದರೆ ಮುಗಿಯುತ್ತಿತ್ತು. ಸಣ್ಣಬೀರಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗೂಡು ತೊಳೆದದ್ದು, ಸೋಸಿದ್ದು, ಸೇತುವೆ, ಹೊಳೆ. ನಾಲ್ಕು ತಿಂಗಳು ಹಣೆಗೆ ಧರಿಸಿದ್ದು. ಹೇಳುತ್ತ ಬೆರಳಿನಿಂದ ಬರಿಯ ಹಣೆಯನ್ನು ಮುಟ್ಟಿ ತೋರಿಸಿದ.

ಮಾಳಮ್ಮ ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ನಕ್ಕಳು, ಬಗ್ಗಿ ಮೊಣಕಾಲು ಹಿಡಿದುಕೊಂಡು ನಕ್ಕಳು. "ಒಲೆ ಬೂದಿ! ಅಯ್ಯೋ ನಮ್ಮಪ್ಪಾ... ಅಕ್ಕ ಇದ್ದಿದ್ರೆ..." ಎಂದವಳು ಮುಂದೆ ಹೇಳದೆ ಬಚ್ಚಲ ಕಲ್ಲಿನ ಮೇಲೆ ಕುಳಿತು ಅತ್ತಳು. ಅಕ್ಕ ಹೋದ ಮೇಲೆ ಅವಳಿಗಾಗಿ ಇನ್ನೊಬ್ಬರು ಅಳುವುದನ್ನು ಸಣ್ಣಬೀರಪ್ಪ ನೋಡಿದ್ದು ಅದೇ ಮೊದಲು. ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ, ಮುಳ್ಳಿಗೆ ಹರಿದ ಪಂಚೆಯ ತುದಿ ಹಿಡಿದು ನಿಂತಿದ್ದ.

"ನಿಮ್ಮ ಮನೆತನದ ಬೀಜ, ನಾನು ನೀರಿಗೆ ಹಾಕಿದೆ" ಎಂದ.

"ಯಾವ ಮನೆತನ?" ಮಾಳಮ್ಮ ಕಣ್ಣೊರೆಸಿಕೊಂಡಳು. "ನಮ್ಮ ಮನೆಯಾಗೆ ಟಮಾಟಿ ಯಾರು ಹಾಕ್ತಿದ್ರು ಆಗ? ಆನವಟ್ಟಿ ಸಂತೆ ಹಣ್ಣು ಅದು. ಅಕ್ಕ ಮೊದಲ್ನೇ ಸಲ ನನ್ನ ನೋಡಾಕೆ ಬಂದಾಗ ಬರಿಗೈಯಾಗೆ ಹೆಂಗೆ ಬರೋದು ಅಂತ ಒಂದು ಸೇರು ತಂದ್ಲು. ಬಸ್ಸಿನ ನೂಕಾಟಕ್ಕೆ ಒಂದು ಒಡೆದಿತ್ತು. ಒಡೆದಿದ್ದು ಬಿಸಾಕದ್ಯಾಕೆ ಅಂತ ಬೂದಿಗೆ ತಿಕ್ಕಿ ಇದೇ ಕಲ್ಲ ಮೇಲೆ ಒಣ ಹಾಕಿದ್ಲು. ಅರ್ಧ ನನಗೆ, ಅರ್ಧ ಅವಳಿಗೆ."

"ಒಂದು ಹಣ್ಣಾ?"

"ಒಂದೇ. ಮೊದಲ ವರ್ಷ ಆ ಒಂದು ಹಣ್ಣಿನ ಬೀಜಕ್ಕೆ ಹತ್ತು ಥರ ಗಿಡ ಬಂದ್ವು. ಒಂದು ಉದ್ದ, ಒಂದು ಗಿಡ್ಡ, ಒಂದು ಹುಳಿ, ಒಂದು ಸಪ್ಪೆ. ‘ನಂದು ಸಿಮೆಂಟ್ ಅಂಗಳ, ಡಬ್ಬಿಯಾಗೆ ನಿಲ್ಲೋದೇ ಬೇಕು, ನನ್ನ ತಮ್ಮನಿಗೆ ಹುಳಿ ಇಲ್ದಿದ್ರೆ ಸಾರು ಸೇರಲ್ಲ’ ಅಂತ, ಗಿಡ್ಡ ನಿಂತು ಹುಳಿ ಬಿಟ್ಟ ಗಿಡ ಆರಿಸಿದ್ಲು. ಅದರ ಮೊದಲ ಗೊಂಚಲು ಬೀಜಕ್ಕೆ ಅಂತ್ಲೇ ಬಿಡೋಳು. ಮರುವರ್ಷ ಮತ್ತೆ ಆರಿಸೋದು. ಏಳೆಂಟು ವರ್ಷ ಹಂಗೇ ಮಾಡಿದ ಮೇಲೆ ಎಲ್ಲಾ ಗಿಡ ಒಂದೇ ಥರ ಆದ್ವು."

ಸಣ್ಣಬೀರಪ್ಪನಿಗೆ ಒಂದು ದಿನ ನೆನಪಾಯಿತು. ಕೆಲಸ ಮುಗಿಸಿ ಬಂದವನು ಡಬ್ಬಿಯ ಗಿಡದಲ್ಲಿ ಕೆಂಪಗಾಗಿದ್ದ ಹಣ್ಣೊಂದನ್ನು ಕಿತ್ತು ಅಲ್ಲೇ ತಿಂದಿದ್ದ. ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಒಂದು ಟೊಮೆಟೊಗೆ ಇಷ್ಟೇಕೆ ಎಂದುಕೊಂಡಿದ್ದನೇ ಹೊರತು ಕೇಳಿರಲಿಲ್ಲ.

"ಏಳೆಂಟು ವರ್ಷ" ಎಂದ. "ನಂಗೀಗ ಅರವತ್ತೇಳು, ಮಾಳಮ್ಮ."

"ಹಂಗಾದ್ರೆ ನಿಂತ್ಕಂಡು ಏನು ಮಾಡ್ತೀಯ? ನಡಿ. ಇವತ್ತೇ ಸಂತೆ."

ಉಣ್ಣದೆ ಕಳಿಸಲು ಅವಳು ಒಪ್ಪಲಿಲ್ಲ. ಬಚ್ಚಲಲ್ಲಿ ಕಾಲು ತೊಳೆಸಿ, ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಬಡಿಸಿದಳು. ರೊಟ್ಟಿ ಬಿಸಿಯಾಗಿತ್ತು. ಐದು ತಿಂಗಳಲ್ಲಿ ಇನ್ನೊಬ್ಬರು ಬಡಿಸಿದ ಊಟ ಅದೊಂದೇ. ಉಂಡು, ಕೈ ತೊಳೆದು, ಹೊರಗಿನ ಕಟ್ಟೆಯ ಮೇಲಿದ್ದ ತನ್ನ ಚೀಲ ತೆಗೆದುಕೊಳ್ಳುವಾಗ, ಹಿತ್ತಲಿಂದ ಇಲ್ಲಿಯವರೆಗೆ ತಾನು ಮನೆಯೊಳಗೇ ಹಾದು ಬಂದದ್ದು ಅವನ ಅರಿವಿಗೆ ಬಂತು. ಅಡುಗೆಮನೆಯಲ್ಲಿ ಗೋಡೆಗೊರಗಿ ಉಂಡಿದ್ದ. ಎರಡು ಹೊಸ್ತಿಲು ದಾಟಿದ್ದ. ತಿರುಗಿ ನೋಡಿದ. ಮಾಳಮ್ಮ ಏನೂ ಕಾಣದವಳಂತೆ ಮರಿಯ ಬಾಟಲಿಗೆ ಹಾಲು ತುಂಬುತ್ತಿದ್ದಳು.

"ಬದುಕಿದ್ರೆ ಬರೋ ದೀಪಾವಳಿಗೆ ಅರ್ಧ ನನಗೆ" ಎಂದಳು ತಲೆಯೆತ್ತದೆ.

ಆನವಟ್ಟಿಯ ಸಂತೆ ಆಗಲೇ ಇಳಿಮುಖವಾಗಿತ್ತು. ಗೋಣಿಚೀಲಗಳ ಸಾಲಿನ ಕೊನೆಯಲ್ಲಿ ಒಬ್ಬಳು ಟೊಮೆಟೊ ರಾಶಿ ಹಾಕಿಕೊಂಡು ಕುಳಿತಿದ್ದಳು. ಒಂದು ಕಡೆ ಒಂದೇ ಅಳತೆಯ ಗಟ್ಟಿ ಹಣ್ಣು, ಇನ್ನೊಂದು ಕಡೆ ಚಪ್ಪಟೆಯ, ಗೆರೆಗೆರೆಯ, ಮೆತ್ತಗಿನ ಜವಾರಿ. ಸಣ್ಣಬೀರಪ್ಪ ಜವಾರಿ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಕನ್ನಡಕ ಹಾಕಿಕೊಂಡ. ಒಂದು ಹಣ್ಣು ಎತ್ತಿ ತಿರುಗಿಸಿ ನೋಡಿದ, ಮೂಸಿದ, ಕೆಳಗಿಟ್ಟ. ಇನ್ನೊಂದು ಎತ್ತಿದ. ಅದನ್ನೂ ಇಟ್ಟ.

"ಎಷ್ಟು ಕೇಜಿ ಅಜ್ಜ?"

"ಒಂದು ಹಣ್ಣು."

"ಒಂದಾ?" ಅವಳು ಪಕ್ಕದವಳ ಕಡೆ ನೋಡಿ ನಕ್ಕಳು. "ಒಂದಕ್ಕೆ ಇಷ್ಟು ಹುಡುಕಾಟನಾ? ಹೆಣ್ಣು ನೋಡಾಕೆ ಬಂದಂಗೆ ನೋಡ್ತೀಯಲ್ಲೋ ಅಜ್ಜ. ಎತ್ಕಂಡು ಹೋಗು, ದುಡ್ಡು ಬ್ಯಾಡ. ಎಲ್ಲಾ ಒಂದೇ ಗಿಡದ್ದು ಕಣೋ."

"ಒಂದೇ ಥರ ಇರಾಕಿಲ್ಲಮ್ಮ" ಎಂದ ಅವನು. "ಇದರಾಗೆ ಹುಳಿ ಯಾವುದು?"

"ಕಚ್ಚಿ ನೋಡು."

ಅವನು ಕಚ್ಚಿ ನೋಡಿದ. ರಸ ಗಡ್ಡದ ಮೇಲಿಳಿಯಿತು. ಹುಳಿ ಇತ್ತು. ಆದರೆ ಸಾಕಷ್ಟು ಇತ್ತೇ? ಅಕ್ಕನ ಹಣ್ಣಿನ ಹುಳಿ ಎಷ್ಟಿತ್ತು? ಮೂವತ್ತು ವರ್ಷ ಉಂಡ ನಾಲಿಗೆ ಅದನ್ನು ಸರಿಯಾಗಿ ಹೇಳಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಜಗಿದ.

ರಸ್ತೆಯ ಕಡೆಯಿಂದ ಕಂಡಕ್ಟರ್, "ಶಿರಾಳಕೊಪ್ಪ, ಶಿರಾಳಕೊಪ್ಪ" ಎಂದು ಕೂಗಿದ. "ಬಸ್ಸು ಹೊಂಟಿತು ಅಜ್ಜ, ನಿಂದಲ್ವಾ?" ಎಂದಳು ಹಣ್ಣಿನವಳು. ಹೋಗಲಿ ಎಂಬಂತೆ ಸಣ್ಣಬೀರಪ್ಪ ತಲೆಯಾಡಿಸಿದ. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಕಚ್ಚಿದ ಹಣ್ಣನ್ನು ಎಡಗೈಯಲ್ಲಿ ಹಾಗೆಯೇ ಹಿಡಿದುಕೊಂಡು, ರಾಶಿಯಿಂದ ಇನ್ನೊಂದನ್ನು ಎತ್ತಿಕೊಂಡ.